ಮಾತ್ರೆ ಬಿಡುವ ಮುನ್ನ ಮಾತಾಡಿ

ಐವತ್ತು ದಾಟಿದ ಗಂಡಸರು ತಮ್ಮ ಸಕ್ಕರೆ ಕಾಯಿಲೆಯ ಬಗ್ಗೆ ಮಸೀದಿಯ ಅಂಗಳದಲ್ಲೇ ಮಾತಾಡುತ್ತಾರೆ. ಬಿ.ಪಿ. ಎಷ್ಟಿದೆ ಎಂದು ಅಂಗಡಿಯಲ್ಲಿ ಕುಳಿತು ಹೇಳಿಕೊಳ್ಳುತ್ತಾರೆ. ಮೂತ್ರದ ತೊಂದರೆ ಬಂದರೆ ಮಾತ್ರ ಬಾಯಿ ಕಟ್ಟಿಹೋಗುತ್ತದೆ. ರಾತ್ರಿ ಮೂರು ನಾಲ್ಕು ಸಲ ಏಳುವುದು, ಮೂತ್ರದ ಧಾರೆ ಸಣ್ಣದಾಗುವುದು, ಮುಗಿಯಿತೆಂದು ಎದ್ದ ಮೇಲೂ ಹನಿ ಬೀಳುವುದು, ಇವೆಲ್ಲ ಹೆಂಡತಿಗೆ ಗೊತ್ತಿದ್ದರೂ ಮಕ್ಕಳಿಗೆ ಗೊತ್ತಿರುವುದಿಲ್ಲ. ಹೇಗೋ ವೈದ್ಯರ ಬಳಿ ಹೋಗಿ ಮಾತ್ರೆ ತಂದವರಲ್ಲೂ ಕೆಲವರು ಯಾರಿಗೂ ಹೇಳದೆ ಅದನ್ನು ಬಿಟ್ಟುಬಿಡುತ್ತಾರೆ. ಹಾನಿಯಾಗುವುದು ಇಲ್ಲಿಯೇ.

ಪ್ರಾಸ್ಟೇಟ್ ಗ್ರಂಥಿ ಮೂತ್ರಕೋಶದ ಕೆಳಗೆ, ಮೂತ್ರನಾಳವನ್ನು ಸುತ್ತುವರಿದಿರುತ್ತದೆ. ವಯಸ್ಸಾದಂತೆ ಅದು ಬೆಳೆದು ನಾಳವನ್ನು ಒತ್ತುತ್ತದೆ. ಅರವತ್ತು ದಾಟಿದವರಲ್ಲಿ ಇದು ಬಹಳ ಸಾಮಾನ್ಯ. ಈ ಬೆಳವಣಿಗೆ ಕ್ಯಾನ್ಸರ್ ಅಲ್ಲ. ಆದರೆ ಎರಡರ ಲಕ್ಷಣಗಳೂ ಒಂದೇ ರೀತಿ ಕಾಣಬಹುದು, ಆದ್ದರಿಂದ ಪರೀಕ್ಷೆ ಬೇಕು. ಮೊದಲ ಭೇಟಿಗೆ ಗುಬ್ಬಿ, ಕುಣಿಗಲ್‌ನ ತಾಲೂಕು ಆಸ್ಪತ್ರೆ ಸಾಕು. ಅಗತ್ಯ ಬಿದ್ದರೆ ಅಲ್ಲಿಂದ ತುಮಕೂರಿನ ಜಿಲ್ಲಾ ಆಸ್ಪತ್ರೆಗೆ ಹೋಗಬಹುದು.

ಇದಕ್ಕೆ ಕೊಡುವ ಔಷಧಿಗಳಲ್ಲಿ ಮುಖ್ಯವಾಗಿ ಎರಡು ಬಗೆ. ಟ್ಯಾಮ್ಸುಲೋಸಿನ್‌ನಂತಹವು ಗ್ರಂಥಿಯ ಸ್ನಾಯುಗಳನ್ನು ಸಡಿಲಗೊಳಿಸುತ್ತವೆ. ಇವುಗಳ ಗುಣ ಕೆಲವು ದಿನಗಳಲ್ಲೇ ತಿಳಿಯತೊಡಗುತ್ತದೆ. ಫಿನಾಸ್ಟೆರೈಡ್, ಡ್ಯುಟಾಸ್ಟೆರೈಡ್ ಗ್ರಂಥಿಯನ್ನೇ ನಿಧಾನವಾಗಿ ಕುಗ್ಗಿಸುತ್ತವೆ. ಇವುಗಳ ಪೂರ್ಣ ಗುಣ ಕಾಣಲು ಸುಮಾರು 6 ತಿಂಗಳು ಬೇಕು. ಇದನ್ನು ಯಾರೂ ಬಿಡಿಸಿ ಹೇಳದಿದ್ದರೆ, ಒಂದು ತಿಂಗಳಾದರೂ ಗುಣವಿಲ್ಲ ಎಂದು ಮಾತ್ರೆ ನಿಲ್ಲಿಸುವುದು ಸಹಜವೇ. ಚೀಟಿ ಬರೆಯುವವರು ಎರಡು ನಿಮಿಷ ಹೆಚ್ಚು ಕೊಟ್ಟರೆ ಈ ನಷ್ಟ ತಪ್ಪುತ್ತದೆ.

ಮಾತ್ರೆ ಬಿಡಲು ಇನ್ನೊಂದು ಕಾರಣ ತಲೆಸುತ್ತು. ಟ್ಯಾಮ್ಸುಲೋಸಿನ್ ಶುರುವಾದಾಗ ಕೂತಲ್ಲಿಂದ ಥಟ್ಟನೆ ಎದ್ದರೆ ಕಣ್ಣು ಕತ್ತಲೆಯಾಗಬಹುದು. ಸಜ್ದಾದಿಂದ ಏಳುವಾಗ, ರಾತ್ರಿ ಹಾಸಿಗೆಯಿಂದ ಏಳುವಾಗ ನಿಧಾನವಿರಲಿ. ದಿನಕ್ಕೊಂದರಂತೆ, ಊಟದ ನಂತರ, ಒಂದೇ ಹೊತ್ತಿಗೆ ತೆಗೆದುಕೊಳ್ಳುವ ಔಷಧಿ ಇದಾದ್ದರಿಂದ ರಂಝಾನಿನಲ್ಲಿ ಇಫ್ತಾರ್ ನಂತರದ ಊಟಕ್ಕೆ ಹೊಂದಿಸಿಕೊಳ್ಳಬಹುದು. ಅದಕ್ಕೂ ಮೊದಲು ವೈದ್ಯರನ್ನು ಕೇಳಿ.

ಹೆಚ್ಚು ನಾಚಿಕೆ ತರುವ ಕಾರಣ ದಾಂಪತ್ಯಕ್ಕೆ ಸೇರಿದ್ದು. ಟ್ಯಾಮ್ಸುಲೋಸಿನ್‌ನಿಂದ ಕೆಲವರಲ್ಲಿ ವೀರ್ಯ ಕಡಿಮೆ ಬರುತ್ತದೆ, ಇಲ್ಲವೇ ಬರುವುದೇ ಇಲ್ಲ. ಇದು ಅಪಾಯವಲ್ಲ, ಔಷಧಿ ನಿಲ್ಲಿಸಿದರೆ ಸಾಮಾನ್ಯವಾಗಿ ಸರಿಹೋಗುತ್ತದೆ. ಫಿನಾಸ್ಟೆರೈಡ್, ಡ್ಯುಟಾಸ್ಟೆರೈಡ್‌ನಿಂದ ಕೆಲವರಲ್ಲಿ ಆಸಕ್ತಿಯೂ ಸಾಮರ್ಥ್ಯವೂ ಕುಗ್ಗಬಹುದು. ಮೊದಲೇ ತಿಳಿದಿದ್ದರೆ ಗಂಡ ಹೆದರುವುದಿಲ್ಲ, ಹೆಂಡತಿಯೂ ತಪ್ಪು ತಿಳಿಯುವುದಿಲ್ಲ. ವೈದ್ಯರು ಔಷಧಿ ಬದಲಿಸಬಲ್ಲರು. ಇದನ್ನು ಮುಚ್ಚಿಟ್ಟು ಮೆಡಿಕಲ್ ಶಾಪಿನಿಂದ ಶಕ್ತಿಯ ಮಾತ್ರೆ ತಂದು ನುಂಗಿದರೆ ರಕ್ತದೊತ್ತಡ ಅಪಾಯಕಾರಿಯಾಗಿ ಇಳಿಯಬಹುದು.

ನಮ್ಮಲ್ಲಿ ಇನ್ನೆರಡು ಸಂಕೋಚಗಳಿವೆ. ಕ್ಯಾಪ್ಸೂಲಿನ ಜೆಲಾಟಿನ್ ಬಗ್ಗೆ ಅನುಮಾನವಿದ್ದವರು ಅದನ್ನು ಬಿಚ್ಚಿ ಒಳಗಿನದನ್ನು ನುಂಗಬಾರದು. ಟ್ಯಾಮ್ಸುಲೋಸಿನ್ ನಿಧಾನವಾಗಿ ಬಿಡುಗಡೆಯಾಗುವಂತೆ ತಯಾರಾಗಿರುತ್ತದೆ. ಆಲ್ಫುಝೋಸಿನ್, ಫಿನಾಸ್ಟೆರೈಡ್ ಮಾತ್ರೆಯ ರೂಪದಲ್ಲೇ ಸಿಗುತ್ತವೆ, ವೈದ್ಯರನ್ನು ಕೇಳಬಹುದು. ಎರಡನೆಯದು ತಹಾರತ್. ಹನಿ ಬೀಳುತ್ತದೆಂದು ಜಮಾಅತ್ ಬಿಟ್ಟು ಮನೆಯಲ್ಲಿ ಕೂರುವ ಹಿರಿಯರಿದ್ದಾರೆ. ಹನಿ ನಿಲ್ಲದವರಿಗೆ ಹನಫೀ ಫಿಕ್ಹ್‌ನಲ್ಲಿ ಮಅಝೂರ್ ಎಂಬ ರಿಯಾಯಿತಿಯಿದೆ. ಅವರು ಪ್ರತಿ ನಮಾಝಿನ ವೇಳೆಗೆ ಹೊಸದಾಗಿ ವುಝೂ ಮಾಡಿ ನಮಾಝ್ ನಿರ್ವಹಿಸಬಹುದು. ತಮಗದು ಅನ್ವಯಿಸುತ್ತದೆಯೇ ಎಂದು ಆಲಿಮರಲ್ಲಿ ವಿಚಾರಿಸಲಿ, ಕಾಯಿಲೆಗೆ ಚಿಕಿತ್ಸೆಯನ್ನೂ ಪಡೆಯಲಿ.

ಮನೆಯವರು ನೆನಪಿಡಬೇಕಾದ ಕೆಲವು ವಿಷಯಗಳಿವೆ. ಟ್ಯಾಮ್ಸುಲೋಸಿನ್ ತೆಗೆದುಕೊಳ್ಳುವವರು, ಹಿಂದೆ ತೆಗೆದುಕೊಂಡವರು ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆಗೆ ಹೋಗುವಾಗ ಕಣ್ಣಿನ ವೈದ್ಯರಿಗೆ ಹೇಳಲೇಬೇಕು. ಈ ಔಷಧಿಯಿಂದ ಶಸ್ತ್ರಚಿಕಿತ್ಸೆಯ ವೇಳೆ ಕಣ್ಣಿನ ಪಾಪೆ ಸಡಿಲಗೊಂಡು ತೊಂದರೆಯಾಗಬಹುದು. ಉಚಿತ ಕಣ್ಣಿನ ಶಿಬಿರಕ್ಕೆ ಅಬ್ಬಾನನ್ನು ಕರೆದೊಯ್ಯುವ ಮಗ ಔಷಧಿಯ ಚೀಟಿಯನ್ನೂ ಒಯ್ಯಲಿ. ಫಿನಾಸ್ಟೆರೈಡ್, ಡ್ಯುಟಾಸ್ಟೆರೈಡ್ ತೆಗೆದುಕೊಳ್ಳುವವರಲ್ಲಿ ಪಿ.ಎಸ್.ಎ. ರಕ್ತಪರೀಕ್ಷೆಯ ಅಂಕಿ ಸುಮಾರು ಅರ್ಧಕ್ಕೆ ಇಳಿಯುತ್ತದೆ, ಆದ್ದರಿಂದ ಪರೀಕ್ಷಿಸುವ ವೈದ್ಯರಿಗೆ ಅದು ಗೊತ್ತಿರಬೇಕು. ಮನೆಯ ಗರ್ಭಿಣಿಯರು ಈ ಔಷಧಿಯ ಒಡೆದ ಮಾತ್ರೆ, ಸೋರುವ ಕ್ಯಾಪ್ಸೂಲ್ ಮುಟ್ಟಬಾರದು. ನೆಗಡಿಗೆಂದು ಕೇಳದೆ ತಂದ ಕೆಲವು ಮಾತ್ರೆಗಳು ಮೂತ್ರ ಕಟ್ಟುವಂತೆ ಮಾಡಬಲ್ಲವು.

ಮೂತ್ರ ಪೂರ್ತಿ ಕಟ್ಟಿ ಹೊಟ್ಟೆ ಉಬ್ಬಿ ನೋವಾದರೆ ಬೆಳಗಾಗಲಿ ಎಂದು ಕಾಯದೆ ಆ ಹೊತ್ತಿಗೇ ಆಸ್ಪತ್ರೆಗೆ ಹೋಗಿ. ಬಹಳ ಕಾಲ ನಿರ್ಲಕ್ಷಿಸಿದರೆ ಮೂತ್ರಪಿಂಡಕ್ಕೂ ಪೆಟ್ಟು ಬೀಳುತ್ತದೆ. ಖರ್ಚಿನ ಚಿಂತೆಯಿದ್ದವರು ಜನೌಷಧಿ ಕೇಂದ್ರದಲ್ಲಿ ವಿಚಾರಿಸಿ. ಅಲ್ಲಿ ಟ್ಯಾಮ್ಸುಲೋಸಿನ್ ಕಡಿಮೆ ಬೆಲೆಗೆ ಸಿಗುತ್ತದೆ.

ಹಿರಿಯರ ಲಜ್ಜೆ ಗೌರವಕ್ಕೆ ಅರ್ಹವಾದುದೇ. ಆದರೆ ಚಿಕಿತ್ಸೆ ಪಡೆಯುವುದು ನಮ್ಮ ಧರ್ಮ ಕಲಿಸಿದ ಮಾರ್ಗ, ಅದಕ್ಕೆ ಲಜ್ಜೆ ಅಡ್ಡ ಬರಬಾರದು. ‘ಅಬ್ಬಾ, ರಾತ್ರಿ ಎಷ್ಟು ಸಲ ಏಳ್ತೀರಿ? ಮಾತ್ರೆ ಹಿಡಿಸ್ತಿದೆಯಾ?’ ಎಂದು ಮಗ ಕೇಳಬೇಕು. ಹೆಂಡತಿ ಕೇಳಬೇಕು, ವೈದ್ಯರೂ ಕೇಳಬೇಕು. ಉತ್ತರಿಸುವ ಧೈರ್ಯ ಮಾತ್ರ ಅಬ್ಬಾನದೇ ಆಗಬೇಕು.