ನಳ ಬಂತೆಂದು ಕೆರೆ ಕೊಲ್ಲಬೇಕೆ?

ಧಾರವಾಡದಲ್ಲಿ ಮಾತಿಗೆ ಎಂದೂ ಬರ ಬಿದ್ದಿಲ್ಲ. ಲೈನ್ ಬಜಾರಿನ ಪೇಢೆ ಅಂಗಡಿಯ ಸಾಲಿನಲ್ಲಿ, ಸುಭಾಷ ರಸ್ತೆಯ ಪುಸ್ತಕದಂಗಡಿಗಳ ಮುಂದೆ, ವಿದ್ಯಾವರ್ಧಕ ಸಂಘದ ಅಂಗಳದಲ್ಲಿ, ಸಪ್ತಾಪುರದ ಕೋಚಿಂಗ್ ಕ್ಲಾಸುಗಳ ಎದುರಿನ ಚಹಾದಂಗಡಿಯಲ್ಲಿ ದಿನವಿಡೀ ಮಾತು ನಡೆದೇ ಇರುತ್ತದೆ. ಯಾರ ಹೊಸ ಪುಸ್ತಕ ಬಂತು, ಯಾವ ಪರೀಕ್ಷೆಯ ಫಲಿತಾಂಶ ತಡವಾಯಿತು, ಚಿಗರಿ ಬಸ್ಸು ಎಲ್ಲಿ ಕೆಟ್ಟು ನಿಂತಿತು, ಈ ಸಲ ಆಪೂಸಿನ ಹೂವು ನಿಂತಿತೋ ಉದುರಿತೋ, ನಳ ಯಾವತ್ತು ಬರುತ್ತದೆ. ಕೆರೆಯ ಮಾತು ಮಾತ್ರ ಎರಡೇ ಸಾಲಿನಲ್ಲಿ ಮುಗಿದುಹೋಗುತ್ತದೆ.

"ಕೆಲಗೇರಿ ಕೆರಿ ನಾರಾಕತ್ತೈತಿ ನೋಡ್ರಿ."

"ಹೌದ್ರಿ. ಏನ್ ಮಾಡೂದು, ಇರ್ಲಿ ಬಿಡ್ರಿ."

ಈ ಎರಡು ಸಾಲು ಕೇಳಿದಾಗಲೆಲ್ಲ ನನ್ನ ಮೈ ಉರಿಯುತ್ತದೆ. ಕೆರೆಯನ್ನು ಕೊಲ್ಲಬೇಕೆಂದು ಈ ಊರಿನಲ್ಲಿ ಯಾರೂ ಸಂಚು ಹೂಡಿಲ್ಲ. ಬಡಾವಣೆ ಹಾಕಿದವನು ಚರಂಡಿಯನ್ನು ಇಳಿಜಾರಿನ ಕಡೆಗೆ ತಿರುಗಿಸಿ ಹೋದ. ಮನೆ ಕಟ್ಟಿದವನು ಹಳೆಯ ಗೋಡೆಯ ಮಣ್ಣು, ಒಡೆದ ಟೈಲ್ಸು ತಂದು ದಂಡೆಗೆ ಸುರಿದ. ಮದುವೆಯ ಅಡಿಗೆಯವರು ಉಳಿದ ಎಲೆ, ಪ್ಲಾಸ್ಟಿಕ್ ಲೋಟ ಚೆಲ್ಲಿದರು. ದೇವರನ್ನು ಕೂಡಿಸಿದವರು ಬಣ್ಣದ ಮೂರ್ತಿಯನ್ನು ನೀರಿಗೆ ಬಿಟ್ಟು ಕೈ ಮುಗಿದರು. ಸಹಿ ಹಾಕಬೇಕಾದವರು ಸಹಿ ಹಾಕಿದರು, ನೋಡಬೇಕಾದವರು ನೋಡಲಿಲ್ಲ. ಪ್ರತಿಯೊಬ್ಬನೂ ಮಾಡಿದ್ದು ಸಣ್ಣದು. ಎಲ್ಲರೂ ಕೂಡಿ ಮಾಡಿದ್ದು ಕೊಲೆ. ದ್ವೇಷದಿಂದ ಮಾಡಿದ ಕೊಲೆಗಾದರೂ ಒಂದು ಕಾರಣ ಇರುತ್ತದೆ, ನಮ್ಮದಕ್ಕೆ ಅದೂ ಇಲ್ಲ. ಬರೀ ಅಲಕ್ಷ್ಯ.

ಈ ಊರಿಗೆ ಕೆರೆ ಏಕೆ ಬೇಕಿತ್ತು ಎಂಬುದನ್ನು ನೆಲವನ್ನೇ ಕೇಳಬೇಕು. ಮಲೆನಾಡು ಮುಗಿದು ಬಯಲುಸೀಮೆ ಶುರುವಾಗುವ ಏಣಿನ ಮೇಲೆ ಧಾರವಾಡ ಕುಳಿತಿದೆ. ಇಲ್ಲಿ ಬಿದ್ದ ಮಳೆ ಎರಡು ಕಡೆಗೆ ಹಂಚಿಹೋಗುತ್ತದೆ. ಪಶ್ಚಿಮಕ್ಕೆ ಇಳಿದದ್ದು ಶಾಲ್ಮಲೆಯಾಗಿ, ಬೇಡ್ತಿಯಾಗಿ, ಗಂಗಾವಳಿಯಾಗಿ ಅರಬ್ಬಿ ಸಮುದ್ರ ಸೇರುತ್ತದೆ. ಪೂರ್ವಕ್ಕೆ ಇಳಿದದ್ದು ಮಲಪ್ರಭೆ, ಕೃಷ್ಣೆಯರ ದಾರಿ ಹಿಡಿದು ಬಂಗಾಳ ಕೊಲ್ಲಿಗೆ ಹೋಗುತ್ತದೆ. ಏಣಿನ ಮೇಲಿನ ಊರಿಗೆ ದೊಡ್ಡ ಹೊಳೆ ಇರುವುದಿಲ್ಲ. ಶಾಲ್ಮಲೆ ಹುಟ್ಟುವುದು ಇಲ್ಲಿನ ಸೋಮೇಶ್ವರ ಗುಡಿಯ ಬಳಿ ನಿಜ, ಆದರೆ ಹುಟ್ಟಿದಲ್ಲಿ ಅದು ಊರಿಗೆ ನೀರುಣಿಸುವಷ್ಟು ದೊಡ್ಡದಲ್ಲ. ಮಳೆ ಎರಡೂ ಕಡೆಗೆ ಜಾರಿಹೋಗುವ ಮುಂಚೆ ಅದನ್ನು ತಡೆದು ನಿಲ್ಲಿಸಿದರಷ್ಟೇ ಬದುಕು. ಹಿರಿಯರಿಗೆ ಇದು ತಿಳಿದಿತ್ತು. ಅದಕ್ಕೇ ಕೆಲಗೇರಿ, ಸಾಧನಕೇರಿ, ನುಗ್ಗಿಕೇರಿ. ಹುಬ್ಬಳ್ಳಿಯ ದಾರಿಯಲ್ಲಿ ಉಣಕಲ್ಲು. ಮುಂಬಯಿ ಪ್ರಾಂತದ ಎಂಜಿನಿಯರಾಗಿದ್ದ ಕಾಲದಲ್ಲಿ ವಿಶ್ವೇಶ್ವರಯ್ಯನವರು ಧಾರವಾಡಕ್ಕೆ ನೀರು ಒದಗಿಸುವ ಯೋಜನೆಗೆ ಕೈ ಹಚ್ಚಿದ್ದರು. ಅಂಥ ಎಂಜಿನಿಯರು ತಲೆ ಕೆಡಿಸಿಕೊಂಡ ಊರಿದು.

ಆಮೇಲೆ ನಳ ಬಂತು. ಮೊದಲು ಬೇಡ್ತಿ ಹಳ್ಳದ ನೀರಸಾಗರ, ನಂತರ ಸವದತ್ತಿಯ ನವಿಲುತೀರ್ಥದಲ್ಲಿ ಮಲಪ್ರಭೆಗೆ ಅಡ್ಡ ಕಟ್ಟಿದ ರೇಣುಕಾಸಾಗರ. ಎಲ್ಲಿಂದಲೋ ಪೈಪಿನಲ್ಲಿ ನೀರು ಮನೆಗೇ ಬಂದ ದಿನದಿಂದ ಕಣ್ಣೆದುರಿನ ಕೆರೆ ಯಾರಿಗೂ ಬೇಡವಾಯಿತು. ಕುಡಿಯುವ ನೀರಿಗೆ ಉಗುಳಲು ಯಾರೂ ಧೈರ್ಯ ಮಾಡುತ್ತಿರಲಿಲ್ಲ. ಕುಡಿಯುವುದು ನಿಂತ ಮೇಲೆ ಉಗುಳುವುದಷ್ಟೇ ಅಲ್ಲ, ಊರಿನ ಹೊಲಸನ್ನೆಲ್ಲ ಅದಕ್ಕೇ ಬಿಟ್ಟರು. ನೀರಿನ ಜೊತೆಗೆ ನೀರಿನ ಮೇಲಿದ್ದ ಭಯಭಕ್ತಿಯೂ ಬತ್ತಿತು.

ಕೆರೆ ಅಂದರೆ ಕಣ್ಣಿಗೆ ಕಾಣುವ ನೀರಷ್ಟೇ ಅಲ್ಲ ಎಂಬುದನ್ನು ಈ ಊರು ಮರೆತೇಬಿಟ್ಟಿದೆ. ಮೇಲಿನ ಗುಡ್ಡದ ಇಳಿಜಾರು, ಮಳೆನೀರು ಹರಿದು ಬರುವ ಕಾಲುವೆ, ಹೂಳನ್ನು ತಡೆಯುವ ಹುಲ್ಲುಗಾವಲು, ಏರಿ, ತೂಬು, ಕೋಡಿ, ಕೆಳಗಿನ ಅಚ್ಚುಕಟ್ಟು, ಸುತ್ತಲಿನ ಬಾವಿಗಳ ಸೆಲೆ ಇಷ್ಟೂ ಕೂಡಿದರೆ ಕೆರೆ. ಇದರಲ್ಲಿ ಒಂದನ್ನು ಕಿತ್ತರೂ ಉಳಿದದ್ದು ನಿಲ್ಲುವುದಿಲ್ಲ. ನಾವು ಗುಡ್ಡವನ್ನು ನಿವೇಶನ ಮಾಡಿದೆವು. ಕಾಲುವೆಯ ಮೇಲೆ ಗೋಡೆ ಎಬ್ಬಿಸಿದೆವು. ಮಳೆನೀರು ಬರುವ ದಾರಿ ಮುಚ್ಚಿ ಚರಂಡಿ ನೀರು ಬರುವ ದಾರಿ ತೆರೆದೆವು. ಕೆಲಗೇರಿಗೆ ಪಶ್ಚಿಮ ಭಾಗದ ಬಡಾವಣೆಗಳ ಹೊಲಸು ನೀರು ಸೇರುತ್ತದೆ ಎಂಬುದು ಪತ್ರಿಕೆಗಳು ಮತ್ತೆ ಮತ್ತೆ ಬರೆದ ಸುದ್ದಿ. ಉಣಕಲ್ಲಿನದೂ ಅದೇ ಪಾಡು.

ಹೊಲಸು ನೀರಿನಲ್ಲಿರುವ ಸಾರಜನಕ, ರಂಜಕ ತಿಂದು ಅಂತರಗಂಗೆ ಕೊಬ್ಬುತ್ತದೆ. ದಕ್ಷಿಣ ಅಮೆರಿಕದಿಂದ ಬಂದ ಈ ಕಳೆ ಅನುಕೂಲ ಸಿಕ್ಕರೆ ಎರಡು ವಾರದೊಳಗೇ ಇಮ್ಮಡಿಯಾಗುತ್ತದೆ. ಮೇಲೆ ಹಸುರು ಹಾಸಿಗೆ, ಕೆಳಗೆ ಬಿಸಿಲಿಲ್ಲ, ಉಸಿರಿಲ್ಲ. ಮೀನು ಸತ್ತು ತೇಲುತ್ತದೆ, ಸೊಳ್ಳೆ ಏಳುತ್ತದೆ. ಆಗ ಊರು ಗೊಣಗುತ್ತದೆ, ಯಂತ್ರ ತರಿಸಿ ಕಳೆ ಎತ್ತಿಸುತ್ತದೆ, ಎತ್ತಿದ ಕಳೆಯನ್ನು ಅದೇ ದಂಡೆಯ ಮೇಲೆ ಕೊಳೆಯಲು ಬಿಡುತ್ತದೆ. ಬರುವ ಹೊಲಸು ನಿಲ್ಲದಿದ್ದರೆ ಕಳೆ ಮತ್ತೆ ಬರುತ್ತದೆ. ಇದು ಎಂಟನೆಯ ಇಯತ್ತೆಯ ಹುಡುಗನಿಗೂ ಗೊತ್ತು. ಕೃಷಿ ವಿಶ್ವವಿದ್ಯಾಲಯ ಇರುವ ಊರು ನಮ್ಮದು. ನೆಲ ಜಲ ನಿರ್ವಹಣೆಯನ್ನೇ ಕಲಿಸುವ ವಾಲ್ಮಿ ಸಂಸ್ಥೆ ಇರುವ ಊರು ನಮ್ಮದು. ತಿಳಿವಳಿಕೆ ಇಲ್ಲದೆ ಆದ ಅನಾಹುತ ಇದು ಎಂದು ಹೇಳುವ ಹಕ್ಕು ನಮಗಿಲ್ಲ.

ಇನ್ನೊಂದು ಬಗೆಯ ಹಾಳುಗೆಡವುವಿಕೆ ಇದೆ, ಅದಕ್ಕೆ ಅಭಿವೃದ್ಧಿ ಎಂದು ಫಲಕ ಹಾಕುತ್ತಾರೆ. ಕೆರೆಯ ಸುತ್ತ ಕಲ್ಲು ಹಾಸಿದ ಕಾಲುದಾರಿ, ಕಬ್ಬಿಣದ ಬೇಲಿ, ಬಣ್ಣದ ದೀಪ, ಕಾರಂಜಿ, ಸೆಲ್ಫಿಗೊಂದು ಅಕ್ಷರದ ಚೌಕಟ್ಟು. ಬೆಳಗಿನ ನಡಿಗೆಯವರಿಗೆ ಸಂತೋಷ. ನಡೆಯಲು ಜಾಗ ಬೇಡವೆಂದು ನಾನು ಹೇಳುವುದಿಲ್ಲ. ಆದರೆ ದಂಡೆಯ ಜೊಂಡು ಕಿತ್ತು ಸಿಮೆಂಟು ಬಳಿದರೆ ನೀರುಕೋಳಿ ಮೊಟ್ಟೆ ಇಡುವುದೆಲ್ಲಿ? ನೆಲದಿಂದ ನೀರಿಗೆ ಮೆಲ್ಲಗೆ ಇಳಿಯುವ ಕೆಸರಿನ ಅಂಚನ್ನು ಕಡಿದು ನೆಟ್ಟಗಿನ ಗೋಡೆ ಮಾಡಿದರೆ ಕಪ್ಪೆ ಹತ್ತುವುದು ಹೇಗೆ, ದನ ನೀರು ಕುಡಿಯುವುದು ಹೇಗೆ? ಒಳಗೆ ಹೊಲಸು ತುಂಬಿರುವಾಗ ಹೊರಗೆ ದೀಪ ಹಚ್ಚುವುದು ಹೆಣಕ್ಕೆ ಜರತಾರಿ ಸೀರೆ ಉಡಿಸಿದ ಹಾಗೆ. ಮೊದಲು ಚರಂಡಿ ತಿರುಗಿಸಿ. ಆಮೇಲೆ ಕಾಲುವೆ ತೆರೆಯಿರಿ. ಅದಾದ ಮೇಲೆ ಬೇಕಿದ್ದರೆ ಬೆಂಚು ಹಾಕಿ. ಈ ಸರದಿಯನ್ನು ತಲೆಕೆಳಗು ಮಾಡಿ ಖರ್ಚು ಮಾಡುವ ಪ್ರತಿ ರೂಪಾಯಿಯೂ ನಮ್ಮ ತೆರಿಗೆಯ ಹಣ.

ನೀರಿಗಾಗಿ ಈ ಸೀಮೆ ಹೋರಾಡಿದ್ದನ್ನು ನೆನೆಯಿರಿ. ಮಹದಾಯಿಯ ಕಳಸಾ, ಬಂಡೂರಿ ಹಳ್ಳಗಳ ನೀರಿಗಾಗಿ ನರಗುಂದ, ನವಲಗುಂದದ ರೈತರು ಬಿಸಿಲು ಮಳೆ ಎನ್ನದೆ ಬೀದಿಯಲ್ಲಿ ಕುಳಿತರು, ಲಾಠಿ ತಿಂದರು. 2018ರ ಆಗಸ್ಟಿನಲ್ಲಿ ಮಹದಾಯಿ ನ್ಯಾಯಮಂಡಳಿ ತೀರ್ಪು ಕೊಟ್ಟಾಗ ಕಳಸಾದಿಂದ 1.72, ಬಂಡೂರಿಯಿಂದ 2.18, ಒಟ್ಟು 3.9 ಟಿಎಂಸಿ ನಮ್ಮ ಕಡೆ ತಿರುಗಿಸಲು ಒಪ್ಪಿತು. ಅದು ನ್ಯಾಯದ ಹೋರಾಟ, ನಾನು ಅದರ ಜೊತೆಗೇ ಇದ್ದೇನೆ. ಅದಕ್ಕೇ ಕೇಳುತ್ತೇನೆ: ಆ ನೀರು ಹುಬ್ಬಳ್ಳಿ ಧಾರವಾಡದ ದಾಹಕ್ಕೆ ಎಂದು ಜಗತ್ತಿನ ಮುಂದೆ ಹೇಳಿದ ನಾವು, ನಮ್ಮ ಅಂಗಳದಲ್ಲಿ ತಾನಾಗಿ ಬಿದ್ದ ನೀರಿಗೆ ಏನು ಮಾಡಿದೆವು? ದೂರದ ಹನಿಗೆ ರಕ್ತ ಕೊಡುತ್ತೇವೆನ್ನುವ ನಾವು ಓಣಿಯ ಕೆರೆಗೆ ಒಂದು ಚರಂಡಿ ತಪ್ಪಿಸಲಾರೆವೇ? ಬರದ ವರ್ಷ ನೀರಸಾಗರದ ತಳ ಕಂಡಾಗ, ನಳ ವಾರಗಟ್ಟಲೆ ಮುಖ ತೋರಿಸದಾಗ ನಾವು ಟ್ಯಾಂಕರಿನ ಹಿಂದೆ ಓಡುತ್ತೇವೆ. ಆ ಟ್ಯಾಂಕರು ನೀರು ತುಂಬಿಕೊಳ್ಳುವುದು ಬೋರ್‌ವೆಲ್ಲಿನಿಂದ. ಬೋರ್‌ವೆಲ್ಲಿಗೆ ನೀರು ಇಳಿಯುವುದು ಕೆರೆಯಿಂದ. ಆ ಕೆರೆಗೆ ನಾವು ಬಿಟ್ಟದ್ದು ಏನು ಎಂದು ಒಮ್ಮೆ ಯೋಚಿಸಿ.

ಕಾನೂನು ಇಲ್ಲವೆಂದಲ್ಲ. ಕೆರೆ, ಕೊಳ, ಗುಡ್ಡ, ಕಾಡು ಸಮುದಾಯದ ಸಂಪತ್ತು, ಅವನ್ನು ಕಾಯಲೇಬೇಕು ಎಂದು ಸುಪ್ರೀಂ ಕೋರ್ಟು 2001ರಲ್ಲೇ ಹಿಂಚ್ ಲಾಲ್ ತಿವಾರಿ ಪ್ರಕರಣದಲ್ಲಿ ಹೇಳಿದೆ. ಕರ್ನಾಟಕವೇ 2014ರಲ್ಲಿ ಕೆರೆ ಸಂರಕ್ಷಣೆ ಮತ್ತು ಅಭಿವೃದ್ಧಿ ಪ್ರಾಧಿಕಾರದ ಕಾಯಿದೆ ಮಾಡಿ, ಕೆರೆಯ ಅಂಚಿನಿಂದ 30 ಮೀಟರಿನೊಳಗೆ ಕಟ್ಟಡ ಏಳಬಾರದೆಂದಿತು. ಅದೇ ರಾಜ್ಯ 2025ರ ಮಳೆಗಾಲದ ಅಧಿವೇಶನದಲ್ಲಿ ತಿದ್ದುಪಡಿ ತಂದು, ಕೆರೆಯ ಅಳತೆಗೆ ತಕ್ಕಂತೆ ಆ 30 ಮೀಟರನ್ನು ಇಳಿಸುವುದಕ್ಕೆ ವಿಧಾನಸಭೆಯ ಒಪ್ಪಿಗೆ ಪಡೆಯಿತು. ದೊಡ್ಡ ಕೆರೆಗೆ ಪೂರ್ತಿ ರಕ್ಷಣೆ, ಚಿಕ್ಕದಕ್ಕೆ ಕಡಿಮೆ, ತೀರ ಚಿಕ್ಕದಕ್ಕೆ ಏನೂ ಇಲ್ಲ. ಚಿಕ್ಕ ಕೆರೆಯೇ ಮೊದಲು ಸಾಯುವುದು, ಅದಕ್ಕೇ ಹೆಚ್ಚು ಕಾವಲು ಬೇಕು. ಬಡವನಿಗೇ ಕೋರ್ಟಿನ ಬಾಗಿಲು ಮೊದಲು ಮುಚ್ಚಿದಂಥ ಈ ಲೆಕ್ಕ ಯಾರ ಅನುಕೂಲಕ್ಕೆ? ನಿವೇಶನ ಮಾರುವವರನ್ನು ಬಿಟ್ಟು ಬೇರೆ ಯಾರಿಗೂ ಇದರಿಂದ ಲಾಭವಿಲ್ಲ. ಇಂಥ ತಿದ್ದುಪಡಿಯನ್ನು ಕೈ ಎತ್ತಿ ಒಪ್ಪಿದವರು ನಮ್ಮ ಮತ ಪಡೆದವರು.

ದೇವರ ಹೆಸರಿನಲ್ಲಿ ಆಗುವುದನ್ನೂ ನೇರವಾಗಿ ಹೇಳಬೇಕು. ಪ್ಲಾಸ್ಟರ್ ಆಫ್ ಪ್ಯಾರಿಸ್ಸಿನ ಗಣಪತಿಯನ್ನು ರಾಜ್ಯ 2016ರಲ್ಲೇ ನಿಷೇಧಿಸಿದೆ. ಆದರೂ ಚೌತಿಯ ಮರುವಾರ ದಂಡೆಗೆ ಹೋದರೆ ಮುರಿದ ಸೊಂಡಿಲು, ಕರಗದ ಕಿರೀಟ ಸಿಗುತ್ತವೆ. ಮಣ್ಣಿನ ಗಣಪತಿಯನ್ನು ಮಾಡಿ, ಮಣ್ಣಿಗೇ ಕಳಿಸುವುದು ನಮ್ಮ ಮನೆಗಳ ಪದ್ಧತಿಯಾಗಿತ್ತು. ಹೊಲಸು ನೀರಿಗೆ ವಿಷದ ಬಣ್ಣದ ಮೂರ್ತಿಯನ್ನು ನೂಕುವುದು ಭಕ್ತಿಯಲ್ಲ. ಅದನ್ನು ಭಕ್ತಿ ಎನ್ನುವವರು ಆ ನೀರನ್ನು ತೀರ್ಥವೆಂದು ಕೈಯಲ್ಲಿ ಹಿಡಿಯಬಲ್ಲರೇ?

ಕವಿಗಳ ಊರು ಎಂಬ ಹೆಮ್ಮೆ ನಮಗೆ ಬಹಳ. ಬೇಂದ್ರೆಯವರು ಬದುಕಿದ್ದು ಸಾಧನಕೇರಿಯಲ್ಲಿ, ಹಾಡಿದ್ದೂ ಸಾಧನಕೇರಿಯನ್ನೇ. ಆ ಕೆರೆಯ ದಂಡೆಯಲ್ಲಿ ಅವರ ಹೆಸರಿನ ಭವನವಿದೆ. ಕವಿಯನ್ನು ಗೌರವಿಸುವುದೆಂದರೆ ವರ್ಷಕ್ಕೊಮ್ಮೆ ಹಾರ ಹಾಕಿ ಭಾಷಣ ಮಾಡುವುದಲ್ಲ. ಆತ ನೋಡಿದ ನೀರು, ಕೇಳಿದ ಹಕ್ಕಿ, ಹಾದುಹೋದ ಮೋಡದ ನೆರಳು ಮುಂದಿನವರಿಗೂ ಸಿಗುವಂತೆ ನೋಡಿಕೊಳ್ಳುವುದು. ಕೆರೆಗಳೆಲ್ಲ ಸತ್ತ ಮೇಲೆ ಈ ಊರಿನ ಮಕ್ಕಳಿಗೆ ಆ ಕವಿತೆಗಳನ್ನು ಯಾವ ಮುಖ ಹೊತ್ತು ಪಾಠ ಮಾಡುತ್ತೀರಿ?

"ನಮ್ಮಂಥವರ ಕೈಲಿ ಏನಾಗತೈತ್ರಿ" ಎನ್ನುವವರಿಗೆ ಈ ನೆಲದ್ದೇ ಒಂದು ಕಥೆ ಹೇಳುತ್ತೇನೆ. 1984ರಲ್ಲಿ ಸರಕಾರ ಹರಿಹರದ ಪಾಲಿಫೈಬರ್ಸ್ ಕಾರ್ಖಾನೆಯೊಂದಿಗೆ ಕೂಡಿ ಕರ್ನಾಟಕ ಪಲ್ಪ್‌ವುಡ್ ಎಂಬ ಕಂಪನಿ ಮಾಡಿ, ಹಳ್ಳಿಗರ ದನಕರು ಮೇಯುತ್ತಿದ್ದ, ಸೌದೆ ಸೊಪ್ಪು ಕೊಡುತ್ತಿದ್ದ ಸುಮಾರು 75 ಸಾವಿರ ಎಕರೆ ನೆಲವನ್ನು ನೀಲಗಿರಿ ಬೆಳೆಯಲು ಗೊತ್ತುಮಾಡಿತು. ಧಾರವಾಡದಲ್ಲಿ ನೆಲೆ ನಿಂತ ಸಮಾಜ ಪರಿವರ್ತನ ಸಮುದಾಯ ಹಳ್ಳಿಗರ ಜೊತೆ ನಿಂತಿತು. 1987ರ ನವೆಂಬರ್ 14ರಂದು ಆಗ ಧಾರವಾಡ ಜಿಲ್ಲೆಗೆ ಸೇರಿದ್ದ ಕುಸನೂರಿನಲ್ಲಿ ಜನ ನೀಲಗಿರಿ ಸಸಿ ಕಿತ್ತು, ತಮಗೆ ಬೇಕಾದ ಗಿಡ ನೆಟ್ಟರು. ಕಿತ್ತಿಕೋ ಹಚ್ಚಿಕೋ ಸತ್ಯಾಗ್ರಹ ಎಂದು ಅದು ಹೆಸರಾಯಿತು. ಶಿವರಾಮ ಕಾರಂತರು ಸುಪ್ರೀಂ ಕೋರ್ಟಿಗೆ ಹೋದ ಅರ್ಜಿಯಲ್ಲಿ ಮುಂದೆ ನಿಂತರು. 1991ರಲ್ಲಿ ಆ ಕಂಪನಿ ಬಾಗಿಲು ಹಾಕಿತು. ಅಕ್ಷರ ಬಾರದ ಮುದುಕಿಯರು ಸರಕಾರ ಮತ್ತು ಬಂಡವಾಳ ಎರಡನ್ನೂ ಎದುರು ಹಾಕಿಕೊಂಡು ಗೆದ್ದ ಸೀಮೆಯಲ್ಲಿ, ಎರಡೆರಡು ಪದವಿ ಹೊತ್ತವರು ಒಂದು ಚರಂಡಿಯ ಮುಂದೆ ಕೈಚೆಲ್ಲಿ ಕೂರುವುದು ನಾಚಿಕೆಗೇಡು.

ಬೇಡಿಕೆ ದೊಡ್ಡದೇನಲ್ಲ. ಪ್ರತಿ ಕೆರೆಯ ಅಳತೆ ಮಾಡಿ, ಹದ್ದುಗಲ್ಲು ನೆಟ್ಟು, ನಕ್ಷೆಯನ್ನು ದಂಡೆಯ ಮೇಲೆ ಎಲ್ಲರಿಗೂ ಕಾಣುವಂತೆ ಹಚ್ಚಬೇಕು. ಮಳೆನೀರಿನ ಕಾಲುವೆಗಳ ಮೇಲಿನ ಒತ್ತುವರಿಯನ್ನು, ಮಾಡಿದವನು ಯಾರೇ ಆಗಿರಲಿ, ತೆಗೆಯಬೇಕು. ಶುದ್ಧವಾಗದ ಒಂದು ಹನಿ ಚರಂಡಿ ನೀರೂ ಕೆರೆಗೆ ಇಳಿಯಕೂಡದು. 30 ಮೀಟರಿನ ರಕ್ಷಣೆ ಚಿಕ್ಕ ಕೆರೆಗೂ ಇರಬೇಕು.

ಇನ್ನು ಮೇಲೆ ಚಹಾದಂಗಡಿಯಲ್ಲಿ ಕೆರೆಯ ಮಾತು ಬಂದಾಗ ಎರಡು ಸಾಲಿಗೆ ನಿಲ್ಲಿಸಬೇಡಿ. ಮತ ಕೇಳಲು ಯಾರೇ ಬರಲಿ, ಯಾವ ಪಕ್ಷದ ಶಾಲು ಹೊದ್ದು ಬರಲಿ, ಬಾಗಿಲಲ್ಲೇ ನಿಲ್ಲಿಸಿ ಕೇಳಿ: ಕೆರೆಗೆ ಹೊಲಸು ಬರುವುದು ಯಾವ ತಾರೀಖಿಗೆ ನಿಲ್ಲುತ್ತದೆ? ಭರವಸೆ ಬೇಡ, ಯೋಜನೆಯ ಹೆಸರು ಬೇಡ, ತಾರೀಖು ಬೇಕು. ಹೇಳಿದ ತಾರೀಖನ್ನು ಗೋಡೆಯ ಮೇಲೆ ಬರೆದಿಡಿ. ಆ ದಿನ ದಾಟಿದರೆ ಊರೆಲ್ಲ ಕೂಡಿ ಅವರ ಬಾಗಿಲಿಗೆ ಹೋಗೋಣ.