ಶ್ರೀಮಂತ ನಾಡಿನ ಅಸಹಾಯಕ ವಲಸಿಗರು

ವಲಸೆ ಎಂಬ ಪದ ಕಿವಿಗೆ ಬಿದ್ದೊಡನೆ ನಮ್ಮ ಕಣ್ಣ ಮುಂದೆ ಮೂಡುವ ಚಿತ್ರ ಬಹುತೇಕ ಒಂದೇ. ಬಡ ದೇಶದ ಯುವಕನೊಬ್ಬ ಹೊಟ್ಟೆಪಾಡಿಗಾಗಿ ಸಿರಿವಂತ ದೇಶದ ಬಾಗಿಲು ತಟ್ಟುತ್ತಾನೆ. ಅಲ್ಲಿನವರು ಅವನನ್ನು ಶಂಕೆಯಿಂದ ನೋಡುತ್ತಾರೆ. ಬ್ರಿಟನ್ನಿನ ಪತ್ರಿಕೆಗಳೂ ರಾಜಕಾರಣಿಗಳೂ ದಶಕಗಳಿಂದ ಜನರಿಗೆ ತೋರಿಸುತ್ತಾ ಬಂದಿರುವುದು ಇದೇ ಚಿತ್ರವನ್ನು. ಆದರೆ ಅದೇ ಬ್ರಿಟನ್ನಿನಿಂದ ಹೊರಕ್ಕೆ ಹರಿಯುವ ಇನ್ನೊಂದು ವಲಸೆಯಿದೆ. ಲಕ್ಷಾಂತರ ಮಂದಿ ಬ್ರಿಟಿಷರು ಸ್ಪೇನ್, ಫ್ರಾನ್ಸ್, ಆಸ್ಟ್ರೇಲಿಯಾ, ಕೆನಡಾ ಮತ್ತು ಕೊಲ್ಲಿ ರಾಷ್ಟ್ರಗಳಲ್ಲಿ ನೆಲೆಸಿದ್ದಾರೆ. ಅವರನ್ನು ಯಾರೂ ವಲಸಿಗರೆಂದು ಕರೆಯುವುದಿಲ್ಲ. ಅವರಿಗೆ 'ಎಕ್ಸ್‌ಪ್ಯಾಟ್' ಎಂಬ ಗೌರವದ ಹೆಸರಿದೆ. ಹೆಸರು ಯಾವುದಾದರೇನು? ಮನೆ ಬಾಡಿಗೆ, ಕರೆಂಟು ಬಿಲ್ಲು, ಔಷಧದ ಖರ್ಚು ಇವು ಹೆಸರು ನೋಡಿ ಬರುವುದಿಲ್ಲ. ಆ ಗೌರವದ ಹೆಸರಿನ ಮರೆಯಲ್ಲಿ ಇಳಿವಯಸ್ಸಿನಲ್ಲಿ ಕಂಗೆಟ್ಟು ಕುಳಿತಿರುವ ಸಾವಿರಾರು ಮಂದಿಯ ಕಥೆ ನಮ್ಮ ಗಮನಕ್ಕೆ ಅರ್ಹವಾಗಿದೆ.

ಸ್ಪೇನನ್ನೇ ತೆಗೆದುಕೊಳ್ಳೋಣ. 1986ರಲ್ಲಿ ಆ ದೇಶ ಯುರೋಪಿಯನ್ ಸಮುದಾಯವನ್ನು ಸೇರಿದ ಮೇಲೆ ಅಲ್ಲಿನ ಮೆಡಿಟರೇನಿಯನ್ ಕರಾವಳಿ ಬ್ರಿಟಿಷ್ ನಿವೃತ್ತರ ಕನಸಿನ ತಾಣವಾಯಿತು. ಅಲಿಕಾಂತೆ, ಮಾಲಗ, ಅಲ್ಮೇರಿಯಾ ಪ್ರಾಂತಗಳಲ್ಲಿ ಇಡೀ ಬಡಾವಣೆಗಳೇ ಇಂಗ್ಲಿಷ್ ಮಾತನಾಡತೊಡಗಿದವು. ವರ್ಷವಿಡೀ ಬಿಸಿಲು, ಕಡಿಮೆ ಖರ್ಚು. ಇಂಗ್ಲೆಂಡಿನಲ್ಲಿದ್ದ ಸಾಧಾರಣ ಮನೆಯನ್ನು ಮಾರಿದರೆ ಅಲ್ಲಿ ಅಂಗಳ, ಹಣ್ಣಿನ ಗಿಡಗಳುಳ್ಳ ಮನೆ ದೊರೆತು, ಕೈಯಲ್ಲಿ ಒಂದಿಷ್ಟು ಹಣವೂ ಉಳಿಯುತ್ತಿತ್ತು. 2012ರ ಸುಮಾರಿಗೆ ಸ್ಪೇನಿನಲ್ಲಿ ಹೆಸರು ನೋಂದಾಯಿಸಿದ್ದ ಬ್ರಿಟಿಷರ ಸಂಖ್ಯೆ ನಾಲ್ಕು ಲಕ್ಷದ ಹತ್ತಿರವಿತ್ತು. ಇವರಲ್ಲಿ ಕೋಟ್ಯಧಿಪತಿಗಳು ಕಡಿಮೆ. ಬಸ್ಸು ಓಡಿಸಿದವರು, ಕಾರ್ಖಾನೆಯಲ್ಲಿ ದುಡಿದವರು, ಶಾಲೆಗಳಲ್ಲಿ ಪಾಠ ಹೇಳಿದವರೇ ಹೆಚ್ಚು. ಜೀವಮಾನದ ಉಳಿತಾಯವನ್ನೆಲ್ಲ ಒಂದು ಮನೆಯ ಮೇಲೆ ಹಾಕಿ, ತಿಂಗಳ ಪಿಂಚಣಿಯನ್ನು ನೆಚ್ಚಿಕೊಂಡು ಬಂದವರು.

ಅವರ ಲೆಕ್ಕಾಚಾರದಲ್ಲಿ ಮೊದಲು ಸೇರದೇ ಹೋದದ್ದು ವಿನಿಮಯ ದರ. ಪಿಂಚಣಿ ಬರುವುದು ಪೌಂಡಿನಲ್ಲಿ, ಖರ್ಚು ಮಾಡಬೇಕಾದದ್ದು ಯೂರೋದಲ್ಲಿ. 2007ರ ಆರಂಭದಲ್ಲಿ ಒಂದು ಪೌಂಡಿಗೆ ಸುಮಾರು ಒಂದೂವರೆ ಯೂರೋ ಸಿಗುತ್ತಿತ್ತು. ಹಣಕಾಸು ಬಿಕ್ಕಟ್ಟಿನ ಹೊಡೆತಕ್ಕೆ 2008ರ ಡಿಸೆಂಬರ್ ಕೊನೆಗೆ ಎರಡೂ ನಾಣ್ಯಗಳು ಹೆಚ್ಚುಕಡಿಮೆ ಸರಿಸಮವಾದವು. ತಿಂಗಳಿಗೆ 600 ಪೌಂಡು ಪಡೆಯುತ್ತಿದ್ದವನ ಕೈಗೆ ಮೊದಲು 900 ಯೂರೋ ಬರುತ್ತಿತ್ತು. ಎರಡೇ ವರ್ಷದಲ್ಲಿ ಅದು 620ರ ಆಸುಪಾಸಿಗೆ ಇಳಿಯಿತು. ಅವನು ಯಾವ ತಪ್ಪನ್ನೂ ಮಾಡಿರಲಿಲ್ಲ, ಯಾವ ದುಂದುವೆಚ್ಚವನ್ನೂ ಮಾಡಿರಲಿಲ್ಲ. ಆದರೂ ಆದಾಯದ ಮೂರನೇ ಒಂದು ಭಾಗ ಮಾಯವಾಯಿತು. 2009ರ ಮಾರ್ಚ್‌ನಲ್ಲಿ ಬ್ಯಾಂಕ್ ಆಫ್ ಇಂಗ್ಲೆಂಡ್ ಬಡ್ಡಿದರವನ್ನು ಶೇ. 0.5ಕ್ಕೆ ಇಳಿಸಿದಾಗ ಉಳಿತಾಯದ ಬಡ್ಡಿಯನ್ನು ನಂಬಿದ್ದವರ ಇನ್ನೊಂದು ಆಸರೆಯೂ ಕುಸಿಯಿತು. ಮನೆ ಮಾರಿ ಊರಿಗೆ ಮರಳೋಣವೆಂದರೆ ಸ್ಪೇನಿನ ಮನೆ ಮಾರುಕಟ್ಟೆಯೇ ನೆಲಕಚ್ಚಿತ್ತು. ಕೊಳ್ಳುವವರಿರಲಿಲ್ಲ.

ಮಾರಲು ಮನೆಯಿದ್ದವರು ಅಷ್ಟರಮಟ್ಟಿಗೆ ಅದೃಷ್ಟವಂತರು. ಕೆಲವರಿಗೆ ತಾವು ಕೊಂಡ ಮನೆ ಕಾನೂನಿನ ದೃಷ್ಟಿಯಲ್ಲಿ ಮನೆಯೇ ಅಲ್ಲವೆಂದು ತಿಳಿದದ್ದು ವರ್ಷಗಳ ನಂತರ. ಆಂದಲೂಸಿಯಾ ಪ್ರದೇಶದಲ್ಲಿ ಕೃಷಿಭೂಮಿಯಲ್ಲಿ ನಿಯಮ ಮೀರಿ ಸಾವಿರಗಟ್ಟಲೆ ಮನೆಗಳು ಎದ್ದಿದ್ದವು. ಕಟ್ಟಡದ ಗುತ್ತಿಗೆದಾರ ಕಟ್ಟಿದ, ಸ್ಥಳೀಯ ಪುರಸಭೆ ಪರವಾನಗಿ ಕೊಟ್ಟಿತು, ವಕೀಲ ಎಲ್ಲ ಸರಿಯಿದೆಯೆಂದ, ನೋಟರಿ ಮೊಹರು ಒತ್ತಿದ. ಅನಂತರ ಬಂದ ಪ್ರಾದೇಶಿಕ ಸರಕಾರ ಆ ಪರವಾನಗಿ ಸಿಂಧುವಲ್ಲ ಎಂದಿತು. 2008ರ ಜನವರಿಯಲ್ಲಿ ಅಲ್ಮೇರಿಯಾ ಪ್ರಾಂತದಲ್ಲಿ ವೃದ್ಧ ಬ್ರಿಟಿಷ್ ದಂಪತಿಯ ಮನೆಯನ್ನು ಅವರ ಕಣ್ಣೆದುರೇ ಕೆಡವಲಾಯಿತು. ಅವರು ಉಳಿದ ಗ್ಯಾರೇಜಿನಲ್ಲಿ ಬದುಕಬೇಕಾಯಿತು. ಉಳಿದ ಅನೇಕರ ಮನೆ ಬೀಳಲಿಲ್ಲ ನಿಜ. ಆದರೆ ಅಧಿಕೃತ ನೀರು, ವಿದ್ಯುತ್ ಸಂಪರ್ಕ ಸಿಗದೆ ಅವರು ವರ್ಷಾನುಗಟ್ಟಲೆ ಜನರೇಟರ್ ಮತ್ತು ಟ್ಯಾಂಕರನ್ನು ನಂಬಿ ಬದುಕಿದರು. ಇಂಥ ಮನೆಗಳಿಗೆ ಕಾನೂನಿನ ಮಾನ್ಯತೆಯ ದಾರಿಯನ್ನು ಸುಗಮಗೊಳಿಸುವ ಸುಗ್ರೀವಾಜ್ಞೆಯನ್ನು ಆಂದಲೂಸಿಯಾ ಸರಕಾರ ತಂದದ್ದು 2019ರಲ್ಲಿ. ಅರುವತ್ತೈದರ ಪ್ರಾಯದಲ್ಲಿ ಮನೆ ಕೊಂಡವನ ಪಾಲಿಗೆ ಹತ್ತು ಹದಿನೈದು ವರ್ಷಗಳ ವಿಳಂಬವೆಂದರೆ ಬಹುತೇಕ ಉಳಿದ ಆಯುಷ್ಯವೇ ಅಲ್ಲವೇ?

ಇನ್ನು ಕಟ್ಟುವ ಮುನ್ನವೇ ಮುಂಗಡ ಕೊಟ್ಟವರ ಪಾಡು. ಸ್ಪೇನಿನಲ್ಲಿ 1968ರಷ್ಟು ಹಿಂದೆಯೇ ಇಂಥ ಮುಂಗಡಕ್ಕೆ ಬ್ಯಾಂಕ್ ಖಾತರಿ ಇರಬೇಕೆಂಬ ಕಾನೂನು ಜಾರಿಯಲ್ಲಿತ್ತು. ಆದರೆ ಅದನ್ನು ಪಾಲಿಸದ ಬಿಲ್ಡರುಗಳು 2008ರ ಬಳಿಕ ಒಬ್ಬರ ಹಿಂದೊಬ್ಬರು ದಿವಾಳಿಯೆದ್ದರು. ಖಾತರಿಯಿದೆಯೇ ಎಂದು ನೋಡದೆ ಆ ಹಣವನ್ನು ಖಾತೆಗೆ ಜಮೆ ಮಾಡಿಕೊಂಡ ಬ್ಯಾಂಕುಗಳೇ ಹೊಣೆ ಎಂದು ಸ್ಪೇನಿನ ಸುಪ್ರೀಮ್ ಕೋರ್ಟ್ 2015ರ ಡಿಸೆಂಬರ್‌ನಲ್ಲಿ ತೀರ್ಪಿತ್ತಿತು. ಸ್ವಾಗತಾರ್ಹ ತೀರ್ಪು. ಆದರೆ ಅಷ್ಟು ಕಾಲ ಕಾಯಲು, ಪರಭಾಷೆಯ ನ್ಯಾಯಾಲಯದಲ್ಲಿ ವಕೀಲರ ಶುಲ್ಕ ತೆರಲು ಎಲ್ಲರಿಂದಲೂ ಆಗುತ್ತದೆಯೇ?

ಊರಿಗೆ ಮರಳಬಹುದಲ್ಲ ಎಂದು ಕೇಳುವವರಿದ್ದಾರೆ. ಮರಳಲು ಅಲ್ಲೇನಿದೆ? ಮಾರಿದ ಮನೆಯ ಬೆಲೆ ಈಗ ಅವರ ಕೈಗೆಟುಕದಷ್ಟು ಏರಿದೆ. ಸರಕಾರಿ ವಸತಿ ಮತ್ತು ಆದಾಯಾಧಾರಿತ ನೆರವು ಬೇಕೆಂದರೆ ತಾನು ಬ್ರಿಟನ್ನಿನ ಖಾಯಂ ವಾಸಿ ಎಂಬುದನ್ನು ಮೊದಲು ಸಾಬೀತು ಮಾಡಬೇಕು. 1994ರಲ್ಲಿ ಬಂದ ಈ ಪರೀಕ್ಷೆಯನ್ನು ಹುಟ್ಟು ಬ್ರಿಟಿಷ್ ಪ್ರಜೆಯೂ ದಾಟಲೇಬೇಕು. ಹೊರಗಿನವರನ್ನು ತಡೆಯಲೆಂದು ಕಟ್ಟಿದ ಗೋಡೆಗೆ ಮನೆಯ ಮಗನೇ ತಲೆ ಚಚ್ಚಿಕೊಳ್ಳಬೇಕಾದ ಸ್ಥಿತಿ!

ಇದಕ್ಕಿಂತಲೂ ದೊಡ್ಡ ಅನ್ಯಾಯವೊಂದು ಕಾನೂನಿನ ಹೆಸರಲ್ಲೇ ನಡೆಯುತ್ತಿದೆ. ಬ್ರಿಟನ್ನಿನ ಸರಕಾರಿ ಪಿಂಚಣಿ ಪ್ರತಿ ವರ್ಷ ಬೆಲೆಯೇರಿಕೆಗೆ ತಕ್ಕಂತೆ ಹೆಚ್ಚುತ್ತದೆ. ಯುರೋಪಿನ ಒಕ್ಕೂಟದ ದೇಶಗಳಲ್ಲಿ, ಅಮೆರಿಕದಲ್ಲಿ, ಫಿಲಿಪೈನ್ಸ್‌ನಲ್ಲಿ ಇರುವವರಿಗೂ ಈ ಹೆಚ್ಚಳ ಸಿಗುತ್ತದೆ. ಆದರೆ ಆಸ್ಟ್ರೇಲಿಯಾ, ಕೆನಡಾ, ನ್ಯೂಜಿಲೆಂಡ್, ದಕ್ಷಿಣ ಆಫ್ರಿಕಾಗಳಲ್ಲಿ ಇರುವವರಿಗೆ ಸಿಗುವುದಿಲ್ಲ. ಅವರ ಪಿಂಚಣಿ ಮೊದಲ ದಿನ ಎಷ್ಟಿತ್ತೋ ಅಷ್ಟಕ್ಕೇ ಹೆಪ್ಪುಗಟ್ಟುತ್ತದೆ. 2000ದಲ್ಲಿ ಪೂರ್ಣ ಮೂಲ ಪಿಂಚಣಿಯೊಂದಿಗೆ ನಿವೃತ್ತನಾಗಿ ಸಿಡ್ನಿಯಲ್ಲಿರುವ ಮಕ್ಕಳ ಬಳಿಗೆ ಹೋದವನಿಗೆ ವಾರಕ್ಕೆ ಸಿಗುತ್ತಿದ್ದುದು 67.50 ಪೌಂಡು. ಅವನಿಗೆ ಇಂದಿಗೂ ಅಷ್ಟೇ. ಅವನ ಜೊತೆಯಲ್ಲೇ ದುಡಿದು, ಅಷ್ಟೇ ವಂತಿಗೆ ಕಟ್ಟಿ, ಊರಲ್ಲೇ ಉಳಿದ ಗೆಳೆಯನಿಗೆ 2025ರ ಏಪ್ರಿಲ್ ದರದಂತೆ 176.45 ಪೌಂಡು. ನಯಾಗರ ಜಲಪಾತದ ಒಂದು ದಡದಲ್ಲಿರುವ ವೃದ್ಧನಿಗೆ ಹೆಚ್ಚಳವಿದೆ, ಎದುರು ದಡದಲ್ಲಿರುವವನಿಗೆ ಇಲ್ಲ. ಇಂಥವರು ಸುಮಾರು ನಾಲ್ಕೂವರೆ ಲಕ್ಷ ಮಂದಿ.

ಇವರಲ್ಲಿ ಅನೇಕರು ಯಾರ ಬೆನ್ನಿಗೆ ಹೋದವರೆಂಬುದನ್ನೂ ನೆನಪಿಸಿಕೊಳ್ಳಬೇಕು. ಎರಡನೇ ಮಹಾಯುದ್ಧದ ನಂತರ ಆಸ್ಟ್ರೇಲಿಯಾ ಸರಕಾರವು ಬಿಳಿಯರನ್ನೇ ಆರಿಸಿ ತುಂಬಿಕೊಳ್ಳುವ ನೀತಿಯಡಿ ಕೇವಲ ಹತ್ತು ಪೌಂಡಿಗೆ ಬ್ರಿಟಿಷರನ್ನು ಹಡಗು ಹತ್ತಿಸಿತು. 1982ರಲ್ಲಿ ಯೋಜನೆ ಮುಗಿಯುವ ಹೊತ್ತಿಗೆ ಹತ್ತು ಲಕ್ಷಕ್ಕೂ ಹೆಚ್ಚು ಮಂದಿ ಹೋಗಿದ್ದರು. ಸ್ವಂತ ಮನೆಯ ಆಸೆ ಹೊತ್ತು ಇಳಿದ ಹಲವರನ್ನು ಸ್ವಾಗತಿಸಿದ್ದು ಕಮಾನಿನಾಕಾರದ ತಗಡಿನ ಬಿಡಾರಗಳು. ಎರಡು ವರ್ಷ ಮುಗಿಯುವ ಮುನ್ನ ಹಿಂದಿರುಗಿದರೆ ಪ್ರಯಾಣದ ಪೂರ್ತಿ ವೆಚ್ಚವನ್ನು ತೆರಬೇಕಿತ್ತು. ದೂರಿದವರಿಗೆ ಗೊಣಗುವ ಬ್ರಿಟಿಷರೆಂಬ ಅಡ್ಡಹೆಸರು ಸಿಕ್ಕಿತು. ಮುಂದೆ ಪ್ರಧಾನಿಯಾದ ಜೂಲಿಯಾ ಗಿಲ್ಲಾರ್ಡ್ 1966ರಲ್ಲಿ ಇದೇ ಯೋಜನೆಯಡಿ ವೇಲ್ಸ್‌ನಿಂದ ಹೋದ ಕುಟುಂಬದ ಮಗಳು. ಅಂದು ಹೋದ ಮಕ್ಕಳನ್ನು ಸೇರಲು ಇಂದು ಹೋಗುವ ತಂದೆತಾಯಂದಿರಿಗೆ ಪಿಂಚಣಿಯ ಹೆಚ್ಚಳವಿಲ್ಲ.

ಇದರ ವಿರುದ್ಧ ದಕ್ಷಿಣ ಆಫ್ರಿಕಾದಲ್ಲಿ ನೆಲೆಸಿದ್ದ ಆ್ಯನೆಟ್ ಕಾರ್ಸನ್ ನ್ಯಾಯಾಲಯದ ಮೆಟ್ಟಿಲೇರಿದರು. 2005ರಲ್ಲಿ ಹೌಸ್ ಆಫ್ ಲಾರ್ಡ್ಸ್ ಮತ್ತು 2010ರ ಮಾರ್ಚ್‌ನಲ್ಲಿ ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ ಸರಕಾರದ ಪರವಾಗಿ ನಿಂತವು. ಸ್ವದೇಶದಲ್ಲಿರುವವರ ಮತ್ತು ಹೊರಗಿರುವವರ ಪರಿಸ್ಥಿತಿ ಹೋಲಿಕೆಗೆ ಒಳಪಡುವಂಥದ್ದಲ್ಲ ಎಂಬುದು ತೀರ್ಪಿನ ತಿರುಳು. ಹದಿನೇಳು ಮಂದಿ ನ್ಯಾಯಾಧೀಶರಲ್ಲಿ ಆರು ಮಂದಿ ಇದನ್ನು ಒಪ್ಪಲಿಲ್ಲ. ಕಾನೂನಿನ ಪ್ರಶ್ನೆ ಹೇಗೇ ಇರಲಿ, ನೀತಿಯ ಪ್ರಶ್ನೆ ಉಳಿದೇ ಇದೆ. ಅವರು ಸ್ವಇಚ್ಛೆಯಿಂದ ಹೋದರು, ಹೆಚ್ಚಳ ಕೊಟ್ಟರೆ ಖಜಾನೆಗೆ ಹೊರೆ ಎಂಬುದು ಸರಕಾರದ ವಾದ. ಸ್ಪೇನಿಗೂ ಅಮೆರಿಕಕ್ಕೂ ಹೋದವರನ್ನು ಯಾರಾದರೂ ಬಲವಂತವಾಗಿ ಕಳುಹಿಸಿದ್ದರೇ? ಅವರ ಹೊರೆ ಹೊರೆಯಲ್ಲವೇ? ಹೊರಗಿದ್ದವನು ನಾಳೆ ವಾಪಸಾದರೆ ಅವನಿಗೆ ಪೂರ್ಣ ದರವನ್ನು ಕೊಡಲೇಬೇಕು. ಮೇಲೆ ಚಿಕಿತ್ಸೆಯ ವೆಚ್ಚವೂ ಸರಕಾರದ್ದೇ. ವಾಸಸ್ಥಳದ ಆಧಾರದಲ್ಲಿ ತುಂಡರಿಸಲು ಪಿಂಚಣಿಯೇನು ಭಿಕ್ಷೆಯೇ? ಅದು ದುಡಿಮೆಯ ದಿನಗಳಲ್ಲಿ ಕಟ್ಟಿದ ವಂತಿಗೆಯ ಮೇಲೆ ನಿಂತ ಹಕ್ಕು. ಬ್ರಿಟನ್ನಿನ ಆಸ್ಪತ್ರೆಗಳಲ್ಲಿ, ಗಿರಣಿಗಳಲ್ಲಿ ಜೀವ ತೇಯ್ದು ನಿವೃತ್ತಿಯ ಬಳಿಕ ಭಾರತ, ಪಾಕಿಸ್ತಾನ, ಬಾಂಗ್ಲಾದೇಶಗಳಿಗೆ ಮರಳುವವರಿಗೂ ಇದೇ ನಿಯಮ ಅನ್ವಯವಾಗುತ್ತದೆ ಎಂಬುದನ್ನು ನಮ್ಮ ಓದುಗರು ಗಮನಿಸಬೇಕು.

2016ರ ಜೂನ್ 23ರ ಜನಮತಗಣನೆ ಈ ಗಾಯದ ಮೇಲೆ ಬರೆ ಎಳೆಯಿತು. ಯುರೋಪಿನ ಒಕ್ಕೂಟದಿಂದ ಹೊರಬರುವ ಆ ನಿರ್ಧಾರದಿಂದ ಪೌಂಡು ಮತ್ತೆ ಕುಸಿಯಿತು. ಯಾರ ಬದುಕು ನೇರವಾಗಿ ಪಣಕ್ಕಿತ್ತೋ ಅವರಲ್ಲೇ ಹದಿನೈದು ವರ್ಷಕ್ಕಿಂತ ಹೆಚ್ಚು ಕಾಲ ಹೊರಗಿದ್ದವರಿಗೆ ಮತದ ಹಕ್ಕಿರಲಿಲ್ಲ. ಆ ಮಿತಿ ತೊಲಗಿದ್ದು 2024ರ ಜನವರಿಯಲ್ಲಿ, ಎಲ್ಲ ಮುಗಿದ ಮೇಲೆ. 2020ರ ಕೊನೆಗೆ ಮುಂಚೆಯೇ ಕಾನೂನುಬದ್ಧವಾಗಿ ನೆಲೆಸಿದ್ದವರ ಹಕ್ಕುಗಳನ್ನು ಒಪ್ಪಂದ ಉಳಿಸಿತು. ಹೊಸದಾಗಿ ಹೋಗುವವರು ಮಾತ್ರ ಈಗ ಅಪ್ಪಟ ವಿದೇಶಿಯರು. ದುಡಿಯದೆ ಸ್ಪೇನಿನಲ್ಲಿ ನೆಲೆಸಲು ಬೇಕಾದ ವೀಸಾಕ್ಕೆ 2025ರ ಲೆಕ್ಕದಂತೆ ತಿಂಗಳಿಗೆ 2,400 ಯೂರೋ ಆದಾಯ ತೋರಿಸಬೇಕು. ಅದೇ ವರ್ಷದ ಪೂರ್ಣ ಹೊಸ ಪಿಂಚಣಿ ವಾರಕ್ಕೆ 230.25 ಪೌಂಡು, ತಿಂಗಳಿಗೆ ಲೆಕ್ಕ ಹಾಕಿದರೆ ಅದು ಇದರ ಅರ್ಧಕ್ಕೂ ಸಾಲದು. ವಿಪರ್ಯಾಸವೇನೆಂದರೆ ಇದೇ ಅಳತೆಗೋಲನ್ನು ಬ್ರಿಟನ್ ಇತರರ ಮೇಲೆ ಪ್ರಯೋಗಿಸುತ್ತಾ ಬಂದಿದೆ. ವಿದೇಶಿ ಪತ್ನಿಯನ್ನೋ ಪತಿಯನ್ನೋ ಕರೆತರಲು ವರ್ಷಕ್ಕೆ 18,600 ಪೌಂಡು ಆದಾಯವಿರಬೇಕೆಂದು 2012ರಲ್ಲಿ ವಿಧಿಸಿದ ಷರತ್ತನ್ನು 2024ರ ಏಪ್ರಿಲ್‌ನಲ್ಲಿ 29,000ಕ್ಕೆ ಏರಿಸಲಾಯಿತು. ಬ್ರಾಡ್‌ಫರ್ಡಿನ ಏಷ್ಯನ್ ಕುಟುಂಬವನ್ನು ಒಡೆಯುವ ಆ ಷರತ್ತು, ವಿದೇಶದಲ್ಲಿ ಮದುವೆಯಾಗಿ ಊರಿಗೆ ಮರಳಬಯಸುವ ಬಿಳಿಯ ಬ್ರಿಟಿಷನನ್ನೂ ಬಿಡುವುದಿಲ್ಲ.

ಹಾಗೆಂದು ಸ್ಪೇನಿನ ಜನರ ಅಳಲನ್ನು ಮರೆಯಲಾಗದು. ಹೊರಗಿನ ಹಣ ಕರಾವಳಿಗೆ ಹರಿದಾಗ ಮನೆಗಳ ಬೆಲೆ ಏರಿತು, ಅಲ್ಲಿಯೇ ಹುಟ್ಟಿ ಬೆಳೆದ ಯುವಕರಿಗೆ ಬಾಡಿಗೆ ಮನೆಯೂ ದುರ್ಲಭವಾಯಿತು. 2024ರ ಏಪ್ರಿಲ್‌ನಲ್ಲಿ ಕ್ಯಾನರಿ ದ್ವೀಪಗಳಲ್ಲಿ ಸಾವಿರಾರು ಮಂದಿ ಬೀದಿಗಿಳಿದರು. ಒಕ್ಕೂಟದ ಹೊರಗಿನ, ಸ್ಪೇನಿನಲ್ಲಿ ವಾಸವಿಲ್ಲದ ಖರೀದಿದಾರರ ಮೇಲೆ ಮನೆಯ ಬೆಲೆಯಷ್ಟೇ ತೆರಿಗೆ ಹಾಕುವ ಪ್ರಸ್ತಾವವನ್ನು ಪ್ರಧಾನಿ ಪೆದ್ರೊ ಸಾಂಚೆಸ್ 2025ರ ಜನವರಿಯಲ್ಲಿ ಮುಂದಿಟ್ಟರು. ಆ ಸಿಟ್ಟಿನಲ್ಲಿ ನ್ಯಾಯವಿದೆ. ಆದರೆ ವಸತಿಯನ್ನು ಸಟ್ಟಾ ವ್ಯಾಪಾರದ ಸರಕಾಗಿಸಿದ ಬಿಲ್ಡರು, ಬ್ಯಾಂಕು ಮತ್ತು ಅದಕ್ಕೆ ಕಣ್ಣು ಮುಚ್ಚಿದ ಆಡಳಿತವನ್ನು ಬಿಟ್ಟು, ಒಂದೇ ಮನೆಯಲ್ಲಿ ವಾಸಿಸುವ ಪಿಂಚಣಿದಾರನನ್ನು ಅಪರಾಧಿಯಾಗಿಸುವುದು ನ್ಯಾಯವಲ್ಲ.

ಈ ಕಥೆ ನಮ್ಮ ಕರಾವಳಿಯ ಕುಟುಂಬಗಳಿಗೆ ತೀರಾ ಅಪರಿಚಿತವೂ ಅಲ್ಲ. ದುಬೈಯಲ್ಲಿ 2008ರ ವರೆಗೆ ಬಾಡಿಗೆ ಗಗನಕ್ಕೇರಿದಾಗ ಬ್ರಿಟಿಷ್ ಮ್ಯಾನೇಜರನೂ ಮಂಗಳೂರು, ಭಟ್ಕಳದ ಗುಮಾಸ್ತನೂ ಮುಂದಿನ ತಾರೀಕಿನ ಚೆಕ್‌ಗಳನ್ನು ಬರೆದುಕೊಟ್ಟೇ ಮನೆ ಹಿಡಿಯಬೇಕಿತ್ತು. ಬಿಕ್ಕಟ್ಟು ಬಂದು ಕೆಲಸ ಹೋದಾಗ ಇಬ್ಬರ ವೀಸಾವೂ ಅಪಾಯಕ್ಕೆ ಸಿಲುಕಿತು. ಚೆಕ್ ಬೌನ್ಸ್ ಆದರೆ ಇಬ್ಬರಿಗೂ ಜೈಲಿನ ಭಯ. ಹಣವಿಲ್ಲದೆ ಚೆಕ್ ಮರಳುವುದನ್ನು ಬಹುಮಟ್ಟಿಗೆ ಅಪರಾಧದ ಪಟ್ಟಿಯಿಂದ ತೆಗೆದದ್ದು 2022ರ ಜನವರಿಯಲ್ಲಷ್ಟೇ. ಸಂಬಳದಲ್ಲಿ ಅಜಗಜಾಂತರವಿದ್ದರೂ ಪರನಾಡಿನ ಕಾನೂನಿನ ಮುಂದೆ ಇಬ್ಬರೂ ಒಂದೇ ಅಂಗಳದಲ್ಲಿ ನಿಂತಿದ್ದರು.

ವಲಸಿಗರನ್ನು ಹಂಗಿಸಿದ ದೇಶದವರಿಗೆ ತಕ್ಕ ಶಾಸ್ತಿಯಾಯಿತು ಎಂದು ಹಿಗ್ಗುವುದು ಸುಲಭ. ಅದು ಸಲ್ಲದು. ಸಿಡ್ನಿಯ ಬಾಡಿಗೆ ಕೋಣೆಯಲ್ಲಿ ಹೀಟರ್ ಆರಿಸಿ ಕುಳಿತ ಮುದುಕಿಯ ಚಳಿ, ಲಂಡನ್ನಿನ ನೆಲಮಾಳಿಗೆಯಲ್ಲಿ ಮಲಗಿದ ಬಾಂಗ್ಲಾ ಕಾರ್ಮಿಕನ ಚಳಿಗಿಂತ ಬೇರೆಯಲ್ಲ. ಇಬ್ಬರೂ ದುಡಿದವರು, ಇಬ್ಬರೂ ಒಂದು ಮನೆಯ ಕನಸು ಕಂಡವರು. ಹೆಪ್ಪುಗಟ್ಟಿಸಿದ ಪಿಂಚಣಿಯನ್ನು ಬ್ರಿಟನ್ ಕರಗಿಸಲಿ; ಕನಿಷ್ಠ ಇಂದಿನಿಂದಾಚೆಗಿನ ಹೆಚ್ಚಳವನ್ನಾದರೂ ಕೊಡಲಿ. ವಲಸೆಯ ಕಾನೂನು ಬರೆಯುವಾಗ ತನ್ನ ಮಕ್ಕಳೂ ಎಲ್ಲೋ ವಲಸಿಗರೆಂಬುದನ್ನು ನೆನೆಯಲಿ. ಪರನಾಡಿನಲ್ಲಿ ಮನೆ ಮಾಡಹೊರಟ ನಮ್ಮವರೂ ಇದರಿಂದ ಕಲಿಯುವುದಿದೆ. ದಾಖಲೆಯನ್ನು ಮಾರುವವನ ವಕೀಲನಿಂದಲ್ಲ, ತಮ್ಮದೇ ವಕೀಲನಿಂದ ಪರಿಶೀಲಿಸಿಕೊಳ್ಳಬೇಕು. ಇಂದಿನ ವಿನಿಮಯ ದರವನ್ನು ನಾಳೆಗೂ ನೆಚ್ಚಬಾರದು. ಊರಿನ ಸೂರನ್ನು ಪೂರ್ತಿ ಮಾರಿ ಹೋಗಬಾರದು. ಹೋಗುವ ಬಾಗಿಲಷ್ಟೇ ಮರಳುವ ಬಾಗಿಲೂ ತೆರೆದಿರುವಂತೆ ನೋಡಿಕೊಳ್ಳುವುದೇ ವಿವೇಕ.