ಬೋರ್ಡಿನ ಬೆಲೆ ಮತ್ತು ಬಿಲ್ಲಿನ ಬೆಲೆ

ಮಗಳ ಮದುವೆಗೆ ಚಿನ್ನ ಕೊಳ್ಳಲು ಹೊರಟ ತಾಯಂದಿರು ಮನೆಯಲ್ಲೇ ಲೆಕ್ಕ ಹಾಕಿರುತ್ತಾರೆ. ಪತ್ರಿಕೆಯಲ್ಲಿ ಬಂದ ಗ್ರಾಮಿನ ದರವನ್ನು ಎಂಟರಿಂದ ಗುಣಿಸಿದರೆ ಒಂದು ಪವನಿನ ಬೆಲೆ. ಅಷ್ಟು ಹಣ ಹೊಂದಿಸಲು ಎಷ್ಟು ಚೀಟಿ ಕಟ್ಟಿರುತ್ತಾರೋ! ಆದರೆ ಅಂಗಡಿಯಲ್ಲಿ ಬಿಲ್ಲು ನೋಡಿದಾಗ ಎದೆ ಧಸಕ್ಕೆನ್ನುತ್ತದೆ. ಸರ ಆಯ್ಕೆಯಾಗಿದೆ, ನೆಂಟರು ಪಕ್ಕದಲ್ಲಿದ್ದಾರೆ, ಬೇಡವೆನ್ನಲು ಸಂಕೋಚ. ಕೊರತೆ ಬಿದ್ದ ಹಣ ಅಲ್ಲಿಯೇ ಸಾಲವಾಗುತ್ತದೆ.

2025ರಲ್ಲಿ 22 ಕ್ಯಾರೆಟ್ ಚಿನ್ನ ಗ್ರಾಮಿಗೆ ಹತ್ತು ಸಾವಿರ ರೂಪಾಯಿ ದಾಟಿತು. ಲೆಕ್ಕದ ಸುಲಭಕ್ಕಾಗಿ ಹತ್ತು ಸಾವಿರವೆಂದೇ ಇಟ್ಟುಕೊಳ್ಳೋಣ. ಎರಡು ಪವನಿನ ಸರಕ್ಕೆ 1,60,000 ರೂ. ಅದಕ್ಕೆ ಶೇ. 15 ಮೇಕಿಂಗ್ ಚಾರ್ಜ್ ಹಾಕಿದರೆ 24,000 ರೂ. ಒಟ್ಟು ಮೊತ್ತದ ಮೇಲೆ ಶೇ. 3 ಜಿಎಸ್‌ಟಿ, 5,520 ರೂ. ಅಂದರೆ ಬೋರ್ಡಿನ ಬೆಲೆಗಿಂತ ಸುಮಾರು ಮೂವತ್ತು ಸಾವಿರ ಹೆಚ್ಚು. ನಾಳೆ ಕಷ್ಟಕಾಲದಲ್ಲಿ ಅದೇ ಸರ ಮಾರಲು ಹೋದರೆ ಈ ಮೂವತ್ತು ಸಾವಿರವನ್ನು ಯಾರೂ ಕೊಡುವುದಿಲ್ಲ, ಚಿನ್ನದ ತೂಕಕ್ಕಷ್ಟೇ ಬೆಲೆ.

ತೆರಿಗೆಯಲ್ಲಿ ಚೌಕಾಸಿಯಿಲ್ಲ. ಮಾತಾಡಬೇಕಾದದ್ದು ಆ ಶೇ. 15ರ ಬಗ್ಗೆ. ಕೆಲವು ಅಂಗಡಿಗಳು ಇದನ್ನು ವೇಸ್ಟೇಜ್ ಎನ್ನುತ್ತವೆ. ಅಕ್ಕಸಾಲಿಗ ಅರದಿಂದ ಉಜ್ಜಿ, ಬೆಸೆದು ಒಡವೆ ಮಾಡುವಾಗ ಒಂದಿಷ್ಟು ಚಿನ್ನದ ಪುಡಿ ನಷ್ಟವಾಗುತ್ತದೆಂದು ಬಂದ ಹೆಸರಿದು. ಈಗ ಎಷ್ಟೋ ಸರಗಳು ಯಂತ್ರದಲ್ಲಿ ತಯಾರಾಗುತ್ತವೆ, ಉದುರಿದ ಪುಡಿಯನ್ನೂ ಒಟ್ಟುಮಾಡಿ ಕರಗಿಸುತ್ತಾರೆ. ಆದರೂ ವೇಸ್ಟೇಜ್ ಹೋಗಿಲ್ಲ! 2020ರ ಆಗಸ್ಟ್ ಸುಮಾರಿಗೆ ದರ ಐದು ಸಾವಿರದ ಆಸುಪಾಸಿನಲ್ಲಿದ್ದಾಗ ಇದೇ ಸರದ ಶೇ. 15 ಎಂದರೆ 12,000 ರೂ. ಹತ್ತು ಸಾವಿರದ ದರಕ್ಕೆ 24,000. ಸರ ಅದೇ, ಕೆಲಸವೂ ಅದೇ. ಚಿನ್ನ ಏರಿದಂತೆ ಕೂಲಿಯೂ ಏರುವುದು ಯಾವ ನ್ಯಾಯ? ಈ ಶೇಕಡಾವನ್ನು ಸರಕಾರ ನಿಗದಿಪಡಿಸಿಲ್ಲ, ಅಂಗಡಿಯವರೇ ಹಾಕುವುದು. ಆದ್ದರಿಂದ ಒಡವೆಯನ್ನು ಕುತ್ತಿಗೆಗೆ ಹಿಡಿದು ನೋಡುವ ಮೊದಲೇ "ಇದಕ್ಕೆ ಮೇಕಿಂಗ್ ಎಷ್ಟು ಪರ್ಸೆಂಟ್?" ಎಂದು ಕೇಳಿ. ಎರಡು ಮೂರು ಅಂಗಡಿಗಳಲ್ಲಿ ವಿಚಾರಿಸಿ. ಸಾದಾ ಬಳೆಗೆ ಕಡಿಮೆ, ಕುಸುರಿ ಕೆಲಸದ ನೆಕ್ಲೇಸಿಗೆ ಹೆಚ್ಚು ಇರುತ್ತದೆ.

ಕಲ್ಲಿನ ಒಡವೆಯಾದರೆ ಕಲ್ಲಿನ ತೂಕ ಕಳೆದು ಉಳಿದ ಚಿನ್ನಕ್ಕೆ ಮಾತ್ರ ದರ ಹಾಕಿದ್ದಾರೆಯೇ ನೋಡಿ. ಒಡವೆಯ ಮೇಲೆ ಬಿಐಎಸ್ ಗುರುತು, 22ಕೆ916 ಎಂಬ ಶುದ್ಧತೆ, ಅಂಕಿ ಅಕ್ಷರಗಳು ಸೇರಿದ ಆರು ಸ್ಥಾನಗಳ ಎಚ್‌ಯುಐಡಿ ಸಂಖ್ಯೆ ಇರಬೇಕು. ಬಿಐಎಸ್ ಕೇರ್ ಆ್ಯಪಿನಲ್ಲಿ ಆ ಸಂಖ್ಯೆ ಹಾಕಿದರೆ ವಿವರ ಸಿಗುತ್ತದೆ.

"ಬಿಲ್ಲು ಬೇಡವೆಂದರೆ ತೆರಿಗೆ ಉಳಿಯುತ್ತದೆ" ಎಂದು ಮೆಲ್ಲಗೆ ಹೇಳುವವರಿದ್ದಾರೆ. ಒಪ್ಪಬೇಡಿ. ಹಾಲ್‌ಮಾರ್ಕ್ ಇದ್ದೂ ಶುದ್ಧತೆ ಕಡಿಮೆ ಬಂದರೆ, ಕೊರತೆಯ ಎರಡರಷ್ಟು ಮೊತ್ತ ಮತ್ತು ಪರೀಕ್ಷೆಯ ಖರ್ಚು ಪಡೆಯಲು ನಿಯಮದಲ್ಲಿ ಅವಕಾಶವಿದೆ, ಅದನ್ನು ಕೇಳಲು ಬಿಲ್ಲು ಬೇಕು. ಬಿಲ್ಲಿನಲ್ಲಿ ಚಿನ್ನದ ನಿವ್ವಳ ತೂಕ, ಶುದ್ಧತೆ, ಹಾಲ್‌ಮಾರ್ಕ್ ಶುಲ್ಕ ಬೇರೆ ಬೇರೆಯಾಗಿ ಬರೆದಿರಬೇಕು. ತಕರಾರಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915.